ನಿದ್ರಿಸುವವರ ಪಕ್ಕದಲ್ಲಿ ಎಚ್ಚರವಿದ್ದವರು



"ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ" ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ನಾನು ಎಷ್ಟು ಪ್ರಶ್ನೆಪತ್ರಿಕೆಗಳಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ನಿಮ್ಮಲ್ಲಿ ಹಲವರು ಅದಕ್ಕೆ ನಾಲ್ಕಕ್ಕೆ ಮೂರು ಅಂಕ ಪಡೆದವರೇ. ಸಮಾಜ ವಿಜ್ಞಾನದ ಜೊತೆಗೆ ಕನ್ನಡವನ್ನೂ ಹೇಳಿಕೊಡಬೇಕಾಗಿದ್ದ ನನಗೆ ಆ ಗಾದೆ ಬಾಯಿಗೆ ಬಂದುಹೋಗಿತ್ತು. ಅದು ಪರೀಕ್ಷೆಯಲ್ಲಿ ಮಾತ್ರವಲ್ಲ, ತರಗತಿಯಲ್ಲಿಯೂ ಉಪಯೋಗಕ್ಕೆ ಬರುತ್ತಿತ್ತು.

1986ರಲ್ಲಿ ಎಂಟನೆಯ ತರಗತಿಯ ಕೊನೆಯ ಬೆಂಚಿನಲ್ಲಿ ಒಬ್ಬ ಹುಡುಗನಿದ್ದ. ಹೆಸರು ಬೇಡ, ಆ ವರ್ಷದವರಿಗೆ ಹೇಳದೆಯೂ ತಿಳಿಯುತ್ತದೆ. ಅವನ ಬಾಯಿ ಸದಾ ತುಸು ತೆರೆದಿರುತ್ತಿತ್ತು. ಮಾತು ಮೂಗು ಕಟ್ಟಿದವರ ಮಾತಿನಂತೆ ಇರುತ್ತಿತ್ತು. ಎರಡನೆಯ ಪೀರಿಯಡ್ಡು ಅರ್ಧವಾಗುವಷ್ಟರಲ್ಲಿ ತಲೆ ಡೆಸ್ಕಿಗೆ ತಾಗಿರುತ್ತಿತ್ತು. ನಾನು ಈ ಗಾದೆಯನ್ನು ಗಟ್ಟಿಯಾಗಿ ಹೇಳಿ, ತರಗತಿಯೆಲ್ಲ ನಕ್ಕ ಮೇಲೆ, ಕಿವಿ ಹಿಂಡಿ ಎಬ್ಬಿಸುತ್ತಿದ್ದೆ. ಒಂದು ದಿನ ವಿಜಯನಗರದ ಪಾಠ ನಡೆದಿತ್ತು. ಹಜಾರರಾಮ ದೇವಾಲಯದ ಗೋಡೆಯ ಮೇಲಿನ ರಾಮಾಯಣದ ಶಿಲ್ಪಗಳನ್ನು ವರ್ಣಿಸುತ್ತಿದ್ದವನು ಅವನತ್ತ ನೋಡಿ, "ಕುಂಭಕರ್ಣನ ದರ್ಶನಕ್ಕೆ ನಾವು ಹಂಪಿಯ ತನಕ ಹೋಗಬೇಕಾಗಿಲ್ಲ" ಎಂದುಬಿಟ್ಟೆ. ಆ ಹೆಸರು ಅವನಿಗೆ ಅಂಟಿಕೊಂಡಿತು. ಒಂಬತ್ತನೆಯ ತರಗತಿಯ ನಡುವೆ ಅವನು ಶಾಲೆ ಬಿಟ್ಟ. ಲಾರಿಯಲ್ಲಿ ಕ್ಲೀನರ್ ಆಗಿ ಸೇರಿದನೆಂದು ಯಾರೋ ಹೇಳಿದರು. ನಾನು ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಎಳೆದು ಮುಂದಕ್ಕೆ ಹೋದೆ.

ಅವನು ಹೋದ ಯುಗಾದಿಯ ಮರುದಿನ ನಮ್ಮ ಮನೆಗೆ ಬಂದಿದ್ದ. ತಲೆ ನರೆತಿದೆ. ಜೊತೆಯಲ್ಲಿ ಮಗಳ ಮಗ, ಐದು ವರ್ಷದ ಪೋರ. ಮಗುವಿಗೆ ಟಾನ್ಸಿಲ್ ಮತ್ತು ಮೂಗಿನ ಹಿಂದಿನ ಅಡಿನಾಯ್ಡ್ ಗ್ರಂಥಿ ಬೆಳೆದಿದ್ದು, ಶಸ್ತ್ರಚಿಕಿತ್ಸೆ ನಿಶ್ಚಯವಾಗಿತ್ತು. "ಸಾರ್, ಆ ಡಾಕ್ಟ್ರಮ್ಮ ಕೇಳಿದ್ದು ಒಂದೊಂದೂ ನನ್ನ ಕತೀನೇ. ಬಾಯಿ ತಕ್ಕಂಡು ಮಲಗ್ತಾನಾ, ಗೊರಕಿ ಹೊಡೀತಾನಾ, ಸಾಲ್ಯಾಗ ತೂಕಡಿಸ್ತಾನಾ ಅಂತ. ಮೊಮ್ಮಗಂದು ಕೇಳ್ತೀರೋ ನಂದು ಕೇಳ್ತೀರೋ ಅಂದೆ" ಎಂದು ನಕ್ಕ. ನನಗೆ ನಗು ಬರಲಿಲ್ಲ. ಆ ಹಳೆಯ ಅಡ್ಡಹೆಸರಿನ ಮಾತನ್ನು ಅವನು ಎತ್ತಲೇ ಇಲ್ಲ.

ಅಂದಿನಿಂದ ಈ ವಿಷಯದಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ಮನುಷ್ಯನು ತನ್ನ ಆಯುಷ್ಯದ ಮೂರನೆಯ ಒಂದು ಪಾಲನ್ನು ಕಳೆಯುವ ಅವಸ್ಥೆಯೊಂದರ ಕಾಯಿಲೆಗಳು ವೈದ್ಯಶಾಸ್ತ್ರದ ಕಣ್ಣಿಗೆ ಬೀಳಲು ಇಷ್ಟು ತಡವಾದುದು ಏಕೆ? ಇತಿಹಾಸದ ಮೇಷ್ಟ್ರಾದ ನನಗೆ ತೋರಿದ ಉತ್ತರ ಸರಳವಾದುದು. ಹೊಟ್ಟೆನೋವಿನವನು ತನ್ನ ನೋವನ್ನು ತಾನೇ ಹೇಳಬಲ್ಲ; ನಿದ್ರೆಯಲ್ಲಿ ಕೆಡುವವನಿಗೆ ತನ್ನ ಕಾಯಿಲೆಯ ಸಾಕ್ಷ್ಯವಿಲ್ಲ. ಪಕ್ಕದಲ್ಲಿ ಮತ್ತೊಬ್ಬರು ಎಚ್ಚರವಾಗಿ ಕುಳಿತು ನೋಡಬೇಕು. ಹಾಗೆ ಕುಳಿತವರ ಕಥೆಯೇ ಈ ಶಾಸ್ತ್ರದ ಕಥೆ.

ನಮ್ಮ ಪ್ರಾಚೀನರು ನಿದ್ರೆಯನ್ನು ಹಗುರವಾಗಿ ಕಂಡವರಲ್ಲ. ಚರಕಸಂಹಿತೆಯು ಆಹಾರ, ನಿದ್ರೆ, ಬ್ರಹ್ಮಚರ್ಯ ಎಂಬ ಮೂರನ್ನು ಶರೀರದ ಉಪಸ್ತಂಭಗಳೆಂದು ಕರೆಯುತ್ತದೆ. ಅದರ ಸೂತ್ರಸ್ಥಾನದ 21ನೆಯ ಅಧ್ಯಾಯ ನನಗೆ ಬಹಳ ಹಿಡಿಸಿತು. ಅತಿ ಸ್ಥೂಲರು ಮತ್ತು ಅತಿ ಕೃಶರ ವಿಚಾರದಿಂದ ಆರಂಭವಾಗುವ ಆ ಅಧ್ಯಾಯ ಅಲ್ಲಿಂದ ನಿದ್ರೆಯ ವಿಚಾರಕ್ಕೆ ಹೊರಳುತ್ತದೆ. ಮೈಯ ಕೊಬ್ಬಿಗೂ ನಿದ್ರೆಗೂ ನಂಟಿದೆಯೆಂಬುದನ್ನು ಆ ಕಾಲದ ವೈದ್ಯರು ಮನಗಂಡಿದ್ದರು. ಸಹಜವಾಗಿ ರಾತ್ರಿ ಬರುವ ನಿದ್ರೆ ಬೇರೆ, ದಣಿವಿನಿಂದ ಬರುವುದು ಬೇರೆ, ರೋಗದ ಬೆನ್ನು ಹಿಡಿದು ಬರುವುದು ಬೇರೆ ಎಂದು ವಿಂಗಡಿಸಿದ್ದಾರೆ. ಹಗಲು ನಿದ್ರೆ ಸಲ್ಲದು, ಆದರೆ ಬೇಸಗೆಯಲ್ಲಿ ರಾತ್ರಿ ಚಿಕ್ಕದಾದ್ದರಿಂದ ಸಲ್ಲುತ್ತದೆ ಎಂಬ ಮಾತು ನಮ್ಮ ಹೊಸಪೇಟೆಯ ಏಪ್ರಿಲ್ ಮಧ್ಯಾಹ್ನಗಳನ್ನು ಕಂಡೇ ಬರೆದಂತಿದೆ. ಯಾವ ಋತುವಿನಲ್ಲಾದರೂ ಹಗಲು ಮಲಗಬಹುದಾದವರ ಒಂದು ಪಟ್ಟಿಯೂ ಅಲ್ಲಿದೆ: ಹೊರೆ ಹೊತ್ತವರು, ದಾರಿ ನಡೆದು ಬಳಲಿದವರು, ವೃದ್ಧರು, ದುರ್ಬಲರು ಮತ್ತು ಮಕ್ಕಳು. ಚರಕನು ಕೊಟ್ಟ ಅನುಮತಿಯನ್ನು ನಾನು ಕೊಡಲಿಲ್ಲ.

ನಾನು ತರಗತಿಯಲ್ಲಿ ಕೊಡುತ್ತಿದ್ದ ಉದಾಹರಣೆ ಬೇರೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಯಸ್, ಕೃಷ್ಣದೇವರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ರಾಯನು ಬೆಳಗಾಗುವ ಮೊದಲೇ ಎದ್ದು ಎಳ್ಳೆಣ್ಣೆ ಕುಡಿದು, ಮೈಗೂ ಎಣ್ಣೆ ಹಚ್ಚಿಕೊಂಡು, ಮಣ್ಣಿನ ಭಾರಗಳನ್ನು ಎತ್ತಿ, ಕತ್ತಿ ತಿರುಗಿಸಿ, ಮಲ್ಲನೊಡನೆ ಸೆಣಸಿ, ಕುದುರೆಯೇರಿ ಬೆಳಕು ಹರಿಯುವ ತನಕ ಬಯಲಲ್ಲಿ ಓಡಿಸುತ್ತಿದ್ದನಂತೆ. "ನೋಡಿ, ರಾಯರು ಎಷ್ಟು ಹೊತ್ತಿಗೆ ಏಳುತ್ತಿದ್ದರು!" ಎಂದು ನಾನು ಕೊನೆಯ ಬೆಂಚಿನ ಕಡೆಗೆ ನೋಡುತ್ತಿದ್ದೆ. ಅದೇ ಪಯಸ್ ಅರಮನೆಯಲ್ಲಿ ಬೆಳ್ಳಿಯ ಸರಪಳಿಗಳಿಂದ ತೂಗುಬಿಟ್ಟ ಮಂಚವನ್ನೂ, ಚಿನ್ನದ ಸರಪಳಿಯ ಇನ್ನೊಂದನ್ನೂ ಕಂಡುದಾಗಿ ಬರೆದಿದ್ದಾನೆ. ಅದನ್ನು ನಾನು ಹೇಳುತ್ತಿರಲಿಲ್ಲ. ರಾಯನು ಎಷ್ಟು ಹೊತ್ತಿಗೆ ಮಲಗುತ್ತಿದ್ದನೆಂದು ಯಾವ ವಿದ್ಯಾರ್ಥಿಯೂ ಕೇಳಲಿಲ್ಲ, ಪುಣ್ಯ.

ಇನ್ನು ಪಶ್ಚಿಮದ ಕಡೆಗೆ ಹೋಗೋಣ. ನನ್ನಂತಹ ಮೇಷ್ಟ್ರುಗಳಿಗೆಂದೇ ಬರೆದಂತಹ ಲೇಖನವೊಂದು 1889ರಲ್ಲಿಯೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅಚ್ಚಾಗಿತ್ತು. ವಿಲಿಯಂ ಹಿಲ್ ಎಂಬ ಲಂಡನ್ ವೈದ್ಯರು, ಶಾಲೆಯಲ್ಲಿ ದಡ್ಡರೆನಿಸಿಕೊಂಡ ಕೆಲವು ಮಕ್ಕಳ ದಡ್ಡತನಕ್ಕೆ ಮೂಗು ಗಂಟಲುಗಳ ಅಡಚಣೆ ಕಾರಣವೆಂದೂ, ಅದನ್ನು ನಿವಾರಿಸಿದರೆ ಮಕ್ಕಳು ಚುರುಕಾಗಬಹುದೆಂದೂ ವಾದಿಸಿದ್ದರು. ಮೂರು ವರ್ಷಗಳ ಬಳಿಕ, 1892ರಲ್ಲಿ, ವಿಲಿಯಂ ಆಸ್ಲರ್ ತಮ್ಮ ಪ್ರಸಿದ್ಧ ವೈದ್ಯಕೀಯ ಪಠ್ಯಪುಸ್ತಕದಲ್ಲಿ ಟಾನ್ಸಿಲ್ ಬೆಳೆದ ಮಗುವಿನ ರಾತ್ರಿಯನ್ನು ವರ್ಣಿಸಿದರು: ಜೋರಾದ ಗೊರಕೆ, ನಡುವೆ ದೀರ್ಘವಾಗಿ ನಿಂತುಹೋಗುವ ಉಸಿರು, ಮತ್ತೆ ಸದ್ದಿನೊಡನೆ ಎಳೆದುಕೊಳ್ಳುವ ಉಸಿರು. ಆಸ್ಲರ್ ಅಥವಾ ಅವರಿಗೆ ತಿಳಿಸಿದ ಯಾವಳೋ ತಾಯಿ ಆ ಮಗುವಿನ ಪಕ್ಕದಲ್ಲಿ ಎಚ್ಚರವಾಗಿದ್ದು ನೋಡಿರಲೇಬೇಕು. ಆದರೂ ವೈದ್ಯಲೋಕ ಅದನ್ನು ಮುಂದಿನ ಎಪ್ಪತ್ತು ವರ್ಷ ಬಹುಮಟ್ಟಿಗೆ ಮರೆತೇಬಿಟ್ಟಿತು. ಇತಿಹಾಸದಲ್ಲಿ ಮುಂದೆ ಮುಂದೆ ಹೋದಂತೆ ಎಲ್ಲವೂ ಬೆಳಕಾಗುತ್ತದೆಂದು ನಾವು ಪಾಠ ಮಾಡುತ್ತೇವೆ. ಕಂಡದ್ದು ಕಳೆದುಹೋಗುವುದೂ ಉಂಟು.

ಮರೆವಿಗೆ ಒಂದು ಕಾರಣ, ನಿದ್ರೆಯೆಂದರೆ ದೀಪ ಆರಿಸಿದಂತೆ, ಮಿದುಳು ಕೆಲಸ ನಿಲ್ಲಿಸಿದ ಸ್ಥಿತಿ ಎಂಬ ನಂಬಿಕೆ. ಆರಿದ ದೀಪದಲ್ಲಿ ನೋಡುವುದೇನಿದೆ? 1929ರಲ್ಲಿ ಜರ್ಮನಿಯ ಹಾನ್ಸ್ ಬರ್ಗರ್ ತಲೆಯ ಮೇಲಿಂದಲೇ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿದ ವಿಚಾರವನ್ನು ಪ್ರಕಟಿಸಿದ ಮೇಲೆ ಆ ನಂಬಿಕೆ ಅಲುಗಾಡಿತು. ಷಿಕಾಗೋ ವಿಶ್ವವಿದ್ಯಾಲಯದ ನಥಾನಿಯಲ್ ಕ್ಲೈಟ್‌ಮನ್ ನಿದ್ರೆಯೊಂದನ್ನೇ ಜೀವಮಾನದ ವಿಷಯವಾಗಿ ಹಿಡಿದ ಮೊದಲಿಗರಲ್ಲಿ ಪ್ರಮುಖರು. 1938ರಲ್ಲಿ ತಮ್ಮ ಶಿಷ್ಯನೊಬ್ಬನೊಡನೆ ಅಮೆರಿಕದ ಮ್ಯಾಮತ್ ಗುಹೆಯ ಕತ್ತಲಲ್ಲಿ 32 ದಿನ ವಾಸವಿದ್ದು, ದಿನಕ್ಕೆ 28 ಗಂಟೆಗಳೆಂದು ಲೆಕ್ಕವಿಟ್ಟು ಮಲಗಿ ಏಳಲು ಪ್ರಯತ್ನಿಸಿದರು. ತರುಣ ಶಿಷ್ಯನ ಮೈ ಒಗ್ಗಿಕೊಂಡಿತು, ಗುರುವಿನ ಮೈ ಒಗ್ಗಲಿಲ್ಲ. (ಇಂತಹ ಪ್ರಯೋಗ ನಮ್ಮ ದೇಶದಲ್ಲಿಯೂ ನಡೆದಿದೆ. ಮಧುರೆಯಲ್ಲಿ ಗಡಿಯಾರವಿಲ್ಲದ ಕೋಣೆಗಳಲ್ಲಿ ಜನರನ್ನು ಇರಿಸಿ ದೇಹದ ಗಡಿಯಾರವನ್ನು ಅಳೆದ ಪ್ರಾಧ್ಯಾಪಕ ಎಂ.ಕೆ. ಚಂದ್ರಶೇಖರನ್ ಅವರು ಮುಂದೆ ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ಬಂದರು.)

ಕ್ಲೈಟ್‌ಮನ್ ಅವರ ಇನ್ನೊಬ್ಬ ಶಿಷ್ಯ ಯೂಜೀನ್ ಅಸೆರಿನ್‌ಸ್ಕಿ. ಕೈಯಲ್ಲಿ ಕಾಸಿಲ್ಲದ, ಪದವಿ ಮುಗಿಯದ ಸಂಸಾರಸ್ಥ. ಮೂಲೆಗೆ ಬಿದ್ದಿದ್ದ ಹಳೆಯ ಯಂತ್ರವೊಂದನ್ನು ಸರಿಪಡಿಸಿ, 1951ರ ಚಳಿಗಾಲದಲ್ಲಿ ತನ್ನ ಎಂಟು ವರ್ಷದ ಮಗನ ತಲೆಗೇ ತಂತಿಗಳನ್ನು ಅಂಟಿಸಿ ಮಲಗಿಸಿ, ತಾನು ಪಕ್ಕದ ಕೋಣೆಯಲ್ಲಿ ಎಚ್ಚರವಾಗಿ ಕುಳಿತ. ನಡುರಾತ್ರಿ ಯಂತ್ರದ ಲೇಖನಿಗಳು ಹುಚ್ಚೆದ್ದು ಓಡತೊಡಗಿದವು. ಮಗ ಎದ್ದಿರಬೇಕೆಂದು ಹೋಗಿ ನೋಡಿದರೆ ಗಾಢನಿದ್ರೆ; ಮುಚ್ಚಿದ ರೆಪ್ಪೆಗಳ ಕೆಳಗೆ ಕಣ್ಣುಗುಡ್ಡೆಗಳು ಮಾತ್ರ ಸರಸರನೆ ಓಡಾಡುತ್ತಿವೆ. ಕನಸುಗಳು ಹೆಚ್ಚಾಗಿ ಬೀಳುವ ಆ ಅವಸ್ಥೆಯನ್ನು ಇಂದು ರೆಮ್ ನಿದ್ರೆ ಎನ್ನುತ್ತಾರೆ. ಗುರುಶಿಷ್ಯರ ಪುಟ್ಟ ಲೇಖನ 1953ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ನಮ್ಮಲ್ಲಿ ತುಂಗಭದ್ರಾ ಅಣೆಕಟ್ಟೆಯಿಂದ ಕಾಲುವೆಗೆ ನೀರು ಬಿಟ್ಟ ವರ್ಷ ಅದು. ಅಷ್ಟು ಈಚಿನದು ಈ ಜ್ಞಾನ!

ಉಸಿರು ನಿಲ್ಲುವ ಕಾಯಿಲೆಯನ್ನು ಯಂತ್ರಗಳ ಸಹಾಯದಿಂದ ಮತ್ತೆ ಕಂಡುಹಿಡಿದದ್ದು 1965ರಲ್ಲಿ, ಫ್ರಾನ್ಸ್ ಮತ್ತು ಜರ್ಮನಿಗಳಲ್ಲಿ. 1970ರಲ್ಲಿ ವಿಲಿಯಂ ಡಿಮೆಂಟ್ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ನಿದ್ರಾರೋಗಗಳಿಗೆಂದೇ ಚಿಕಿತ್ಸಾಲಯ ತೆರೆದರು. ಅಲ್ಲಿಯೇ ಕ್ರಿಶ್ಚಿಯನ್ ಗಿಲ್ಲೆಮಿನೋ ಮತ್ತು ಸಂಗಡಿಗರು 1976ರಲ್ಲಿ ಈ ರೋಗ ಮಕ್ಕಳಲ್ಲಿಯೂ ಇದೆಯೆಂದು ಎಂಟು ಮಕ್ಕಳ ಉದಾಹರಣೆಯೊಡನೆ ವಿವರಿಸಿದರು. ನನ್ನ ವಿದ್ಯಾರ್ಥಿ ಡೆಸ್ಕಿಗೆ ತಲೆಯಿಡುವುದಕ್ಕೆ ಹತ್ತು ವರ್ಷ ಮೊದಲು. ಆ ತನಕ ತೀವ್ರವಾದ ರೋಗಿಗಳಿಗೆ ಇದ್ದ ಉಪಾಯವೆಂದರೆ ಗಂಟಲಿಗೆ ರಂಧ್ರ ಮಾಡುವುದು. 1981ರಲ್ಲಿ ಆಸ್ಟ್ರೇಲಿಯದ ಕಾಲಿನ್ ಸಲಿವನ್, ಮೂಗಿನ ಮೂಲಕ ಒತ್ತಡದಲ್ಲಿ ಗಾಳಿ ಹಾಯಿಸಿದರೆ ಗಂಟಲ ದಾರಿ ಮುಚ್ಚಿಕೊಳ್ಳದು ಎಂದು ಐವರು ರೋಗಿಗಳಲ್ಲಿ ತೋರಿಸಿಕೊಟ್ಟರು. ಅದೇ ಸಿಪ್ಯಾಪ್ ಯಂತ್ರ. ಅದು ಈಗ ನನ್ನ ಮಂಚದ ಪಕ್ಕದಲ್ಲಿಯೂ ಇದೆ; ಆ ಮಾತಿಗೆ ಮತ್ತೆ ಬರುತ್ತೇನೆ.

ಭಾರತದಲ್ಲಿ ಈ ಕಥೆಗೆ ಬೇರೊಂದು ತಿರುವು ಇದೆ. ಅಲ್ಲಿಯವರು ಗೊರಕೆ ಹೊಡೆಯುವವರಿಗೆ ತಂತಿ ಜೋಡಿಸುವ ಮೊದಲೇ ನಮ್ಮವರು ಯೋಗಿಗಳಿಗೆ ಜೋಡಿಸಿದ್ದರು! 1961ರಲ್ಲಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಬಿ.ಕೆ. ಆನಂದ್, ಜಿ.ಎಸ್. ಛೀನಾ, ಬಲದೇವ್ ಸಿಂಗ್ ಅವರು ಧ್ಯಾನಸ್ಥ ಯೋಗಿಗಳ ಮಿದುಳಿನ ಅಲೆಗಳನ್ನು ಕುರಿತು ಪ್ರಕಟಿಸಿದ ಲೇಖನ ಜಗತ್ತಿನ ಗಮನ ಸೆಳೆಯಿತು. ಅದೇ ಸಂಸ್ಥೆಯಲ್ಲಿ ನಿದ್ರೆಯ ಶರೀರಶಾಸ್ತ್ರವನ್ನು ಬೆಳೆಸಿದವರಲ್ಲಿ ವಿ. ಮೋಹನ್ ಕುಮಾರ್ ಮುಖ್ಯರು. 1990ರ ದಶಕದಲ್ಲಿ ಈ ವಿಷಯದ ಸಂಶೋಧಕರೂ ವೈದ್ಯರೂ ಸೇರಿ ರಾಷ್ಟ್ರಮಟ್ಟದ ಸಂಘಗಳನ್ನು ಕಟ್ಟಿಕೊಂಡರು.

ನಮ್ಮ ನಾಡಿನ ಪಾಲು ಬಹುಮಟ್ಟಿಗೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಸೇರಿದ್ದು. ನಮ್ಮ ಕಡೆ ಇಂದಿಗೂ "ಹುಚ್ಚರ ಆಸ್ಪತ್ರೆ" ಎಂದು ದನಿ ತಗ್ಗಿಸಿ ಹೇಳುವ ಆ ಸ್ಥಳದ ಇತಿಹಾಸ ದೊಡ್ಡದು. ಹಳೆಯ ಮಾನಸಿಕ ಆಸ್ಪತ್ರೆಯೂ 1954ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. ಅಲ್ಲಿನ ನರಶರೀರಶಾಸ್ತ್ರ ವಿಭಾಗದಲ್ಲಿ ಟಿ. ದೇಸಿರಾಜು ಅವರು ಪ್ರಜ್ಞೆ, ಯೋಗ, ಧ್ಯಾನಗಳ ಅಧ್ಯಯನಕ್ಕೆ ಅಡಿಪಾಯ ಹಾಕಿದರು. ಮುಂದೆ ಅದೇ ವಿಭಾಗದಲ್ಲಿ ಬಿಂದು ಎಂ. ಕುಟ್ಟಿ ಅವರು ಮನುಷ್ಯರ ನಿದ್ರೆಯ ಪ್ರಯೋಗಾಲಯವನ್ನು ಬೆಳೆಸಿದರು. ವಯಸ್ಸಾದಂತೆ ಮನುಷ್ಯನಿಗೆ ಗಾಢನಿದ್ರೆಯ ಪಾಲು ಇಳಿಯುತ್ತದೆ. ನನ್ನ ಓರಗೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಈ ಪ್ರಯೋಗಾಲಯದವರು 2006ರಲ್ಲಿಯೂ 2010ರಲ್ಲಿಯೂ ಪ್ರಕಟಿಸಿದ ಅಧ್ಯಯನಗಳಲ್ಲಿ, ವಿಪಶ್ಯನ ಧ್ಯಾನವನ್ನು ಬಹುಕಾಲದಿಂದ ಅಭ್ಯಾಸ ಮಾಡಿದ ನಡುವಯಸ್ಸಿನವರಲ್ಲಿ ಆ ಇಳಿತ ಅಷ್ಟಾಗಿ ಕಾಣಲಿಲ್ಲವೆಂದು ವರದಿಮಾಡಿದರು. ಧ್ಯಾನದಿಂದಲೇ ಹೀಗಾಯಿತೋ, ಚೆನ್ನಾಗಿ ನಿದ್ರಿಸುವ ಸ್ವಭಾವದವರೇ ಧ್ಯಾನದಲ್ಲಿ ನಿಲ್ಲುತ್ತಾರೋ ಎಂಬ ಸಂಶಯ ನನ್ನಂತಹ ತಗಾದೆಯ ಮನುಷ್ಯನಿಗೆ ಉಳಿದೇ ಇದೆ. ಆದರೂ ಇಂತಹ ಪ್ರಶ್ನೆಯನ್ನು ನಮ್ಮ ನೆಲದಲ್ಲಿ ನಿಂತು ಕೇಳಿದ್ದೇ ನನಗೆ ಸಂತೋಷದ ವಿಷಯ.

ನನ್ನನ್ನು ಹೆಚ್ಚು ತಟ್ಟಿದ್ದು ನಿಮ್ಹಾನ್ಸ್‌ನ ನರರೋಗ ತಜ್ಞರೂ ಸಾರ್ವಜನಿಕ ಆರೋಗ್ಯ ತಜ್ಞರೂ ಕೂಡಿ 2012ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ. ಅವರು ಪ್ರಶ್ನಿಸಿದ್ದು ರೋಗಿಗಳನ್ನಲ್ಲ. ರೋಗಿಗಳ ಜೊತೆಗೆ ಬಂದ ಆರೋಗ್ಯವಂತ ಬಂಧುಗಳನ್ನು, ಒಟ್ಟು 1050 ಮಂದಿಯನ್ನು. ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನ ತಮ್ಮ ನಿದ್ರೆ ಚೆನ್ನಾಗಿದೆಯೆಂದರು. ಬಿಡಿಸಿ ಬಿಡಿಸಿ ಕೇಳಿದಾಗ ನೂರಕ್ಕೆ 18ಕ್ಕಿಂತ ತುಸು ಹೆಚ್ಚು ಮಂದಿಗೆ ನಿದ್ರಾಹೀನತೆಯ ತೊಂದರೆ, ಸರಿಸುಮಾರು ಅಷ್ಟೇ ಪ್ರಮಾಣದಲ್ಲಿ ನಿದ್ರೆಯ ಉಸಿರಾಟದ ತೊಂದರೆ ಇರುವುದು ಕಂಡುಬಂತು. "ನಿದ್ದೆ ಹೇಗೆ ಬರುತ್ತೆ?" ಎಂದರೆ "ಚೆನ್ನಾಗಿ ಬರುತ್ತೆ" ಎನ್ನುವುದು ನಮ್ಮಲ್ಲಿ "ಊಟ ಆಯ್ತಾ?" ಎಂದರೆ "ಆಯ್ತು" ಎನ್ನುವ ಹಾಗೆ. ಹಸಿದವನೂ ಹಾಗೆಯೇ ಹೇಳುತ್ತಾನೆ.

ನಾನೂ ಹಾಗೆಯೇ ಹೇಳುತ್ತಿದ್ದೆ. ನಿವೃತ್ತನಾಗಿ ಕೆಲವು ವರ್ಷಗಳಾದ ಮೇಲೆ ಪತ್ರಿಕೆ ಹಿಡಿದರೆ ಕಣ್ಣು ಮುಚ್ಚುವುದು, ಬೆಳಿಗ್ಗೆ ತಲೆನೋವು, ಔಷಧಿಗೆ ಬಗ್ಗದ ರಕ್ತದೊತ್ತಡ. ವಯಸ್ಸೆಂದುಕೊಂಡೆ. ನನ್ನ ಮನೆಯವರು ಮಾತ್ರ, "ನೀವು ರಾತ್ರಿ ಉಸಿರು ನಿಲ್ಲಿಸ್ತೀರಿ. ನಾನು ಎಣಿಸ್ತಾ ಕೂತಿರ್ತೀನಿ, ಇಪ್ಪತ್ತು ಎಣಿಸಿದ ಮೇಲೆ ತಿರುಗಿ ಎಳ್ಕೊಳ್ತೀರಿ" ಎನ್ನುತ್ತಿದ್ದರು. ಯಾವ ಯಂತ್ರವೂ ಇಲ್ಲದೆ ಅವರು ಮಾಡಿದ ರೋಗನಿರ್ಣಯವನ್ನು ನಾನು ಎರಡು ವರ್ಷ ನಗೆಯಾಡಿ ತಳ್ಳಿಹಾಕಿದೆ. 2014ರಲ್ಲಿ ಮಗನ ಒತ್ತಾಯಕ್ಕೆ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಒಂದು ರಾತ್ರಿ ಮಲಗಿದೆ. ತಲೆಗೆ, ಕಣ್ಣಿನ ಅಂಚಿಗೆ, ಗದ್ದಕ್ಕೆ, ಕಾಲಿಗೆ ತಂತಿಗಳು, ಎದೆಗೂ ಹೊಟ್ಟೆಗೂ ಪಟ್ಟಿ, ಮೂಗಿಗೆ ನಳಿಗೆ, ಬೆರಳಿಗೆ ಕೆಂಪು ದೀಪದ ಚಿಮುಟ. ಆ ಅವಸ್ಥೆಯಲ್ಲಿ ಯಾರಿಗೆ ನಿದ್ದೆ ಬಂದೀತು ಎಂದುಕೊಂಡವನಿಗೆ ಹತ್ತು ನಿಮಿಷದಲ್ಲಿ ನಿದ್ದೆ ಬಂತಂತೆ. ಪಕ್ಕದ ಕೋಣೆಯಲ್ಲಿ ತರುಣಿಯೊಬ್ಬಳು ಬೆಳಗಿನ ತನಕ ತೆರೆಯ ಮುಂದೆ ಎಚ್ಚರವಾಗಿ ಕುಳಿತಿದ್ದಳು. ಹತ್ತು ಸೆಕೆಂಡಿಗೆ ಕಡಿಮೆಯಿಲ್ಲದಂತೆ ಉಸಿರು ನಿಲ್ಲುವುದು ಅಥವಾ ಕುಗ್ಗುವುದು ಗಂಟೆಗೆ ಐದು ಬಾರಿಯೊಳಗೆ ಇದ್ದರೆ ಸಾಮಾನ್ಯ, ಮೂವತ್ತು ದಾಟಿದರೆ ತೀವ್ರ. ನನ್ನದು 38. ಈಗ ರಾತ್ರಿ ಮುಖಕ್ಕೆ ಸಿಪ್ಯಾಪ್ ಕವಚ. ಮೊಮ್ಮಕ್ಕಳು ಅದಕ್ಕೆ ಗಣಪತಿ ಸೊಂಡಿಲೆಂದು ಹೆಸರಿಟ್ಟಿದ್ದಾರೆ.

ಇನ್ನು ನಮ್ಮ ಸೀಮೆಯ ಮಾತು. ಹೊಸಪೇಟೆ, ಸಂಡೂರು, ಕಂಪ್ಲಿಗಳಲ್ಲಿ ನಿದ್ರೆಯ ಪ್ರಶ್ನೆ ಮುದುಕರ ಗೊರಕೆಗೆ ಮುಗಿಯುವುದಿಲ್ಲ. ಕಬ್ಬು ನುರಿಸುತ್ತಿದ್ದ ಕಾಲದಲ್ಲಿ ಸಕ್ಕರೆ ಕಾರ್ಖಾನೆಯ ರಾತ್ರಿಪಾಳಿ, ತೋರಣಗಲ್ಲಿನ ಉಕ್ಕಿನ ಕುಲುಮೆಗಳ ಮೂರು ಪಾಳಿ, ದೋಣಿಮಲೈ ಗಣಿ, ಕಂಪ್ಲಿಯ ಕಡೆ ರಾತ್ರಿ ಕರೆಂಟು ಬಂದಾಗ ಬ್ಯಾಟರಿ ಹಿಡಿದು ಪಂಪ್‌ಸೆಟ್ಟಿಗೆ ಓಡುವ ರೈತ. ಇವರ ಪೈಕಿ ಯಾರ ಮನೆಯ ಮಗು ರಾತ್ರಿ ನೆಟ್ಟಗೆ ಮಲಗುತ್ತಿತ್ತು, ಯಾರದು ಇಲ್ಲ ಎಂದು ನಾನು ಒಂದು ದಿನವೂ ವಿಚಾರಿಸಿದವನಲ್ಲ. ದೇಹದ ಗಡಿಯಾರ ರಾತ್ರಿ ಎರಡರಿಂದ ಐದರ ನಡುವೆ ಎಲ್ಲರನ್ನೂ ನಿದ್ರೆಗೆ ಎಳೆಯುತ್ತದೆ. ಆ ಗಡಿಯಾರದ ಒಳಗಿನ ಕೀಲುಗಳನ್ನು ಬಿಡಿಸಿ ತೋರಿಸಿದ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ಪಾಳಿ ಕೆಲಸದವರು ಅದನ್ನು ಮೊದಲೇ ಮೈಯಲ್ಲಿ ಬಲ್ಲರು.

ಲಾರಿಯವರು ಇನ್ನೂ ಚೆನ್ನಾಗಿ ಬಲ್ಲರು. ನನ್ನ ವಿದ್ಯಾರ್ಥಿ ಹೇಳಿದ ಮೇಲೆ ನನಗೆ ತಿಳಿದದ್ದು: ಕ್ಲೀನರ್‌ನ ಕೆಲಸ ಗಾಜು ಒರೆಸುವುದಷ್ಟೇ ಅಲ್ಲ, ರಾತ್ರಿ ಡ್ರೈವರನ ನಿದ್ದೆ ಕಾಯುವುದು. ಮಾತಾಡಿಸಬೇಕು, ಎಲೆಅಡಿಕೆ ಮಡಿಸಿ ಕೊಡಬೇಕು, ಒದ್ದೆ ಟವೆಲಿನಿಂದ ಮುಖ ಒರೆಸಬೇಕು, ಉತ್ತರ ಬರುವುದು ತಡವಾದರೆ ಭುಜ ಅಲುಗಿಸಬೇಕು. ಅಂತಹ ಕೆಲಸಕ್ಕೆ ಸೇರಿದ್ದ, ಹಗಲಿಡೀ ತೂಕಡಿಸುವ ಕಾಯಿಲೆಯ ಹುಡುಗ! 1991ರಲ್ಲಿ ಒಂದು ರಾತ್ರಿ ಕಂಪ್ಲಿಯಿಂದ ಹುಬ್ಬಳ್ಳಿಗೆ ಅಕ್ಕಿ ಹೇರಿಕೊಂಡು ಹೊರಟ ಲಾರಿ ಹಿಟ್ನಾಳದ ಆಚೆ ರಸ್ತೆ ಬಿಟ್ಟು ಇಳಿಯಿತು. ಡ್ರೈವರನ ಕಾಲು ಮುರಿದು ಮತ್ತೆ ಸರಿಹೋಗಲಿಲ್ಲ. "ಅಣ್ಣ ಮಲಗಿದ್ದು ತಪ್ಪಲ್ಲ ಸಾರ್, ನಾನು ಮಲಗಿದ್ದು ತಪ್ಪು. ನನ್ನ ಇಟ್ಕಂಡಿದ್ದೇ ಎಬ್ಬಸಾಕ" ಎಂದ. ಮೂವತ್ತು ವರ್ಷ ದಾಟಿದರೂ ಅದನ್ನು ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ. ಆಮೇಲೆ ಲಾರಿಯ ಸಹವಾಸ ಬಿಟ್ಟು ಸಂಡೂರಿನಲ್ಲಿ ಪಂಕ್ಚರ್ ಅಂಗಡಿ ಇಟ್ಟ. 2003ರ ನಂತರ ಚೀನಾದ ಬೇಡಿಕೆಗೆ ಅದಿರಿನ ಬೆಲೆ ಏರಿ, ಬೇಲೇಕೇರಿಯ ಕಡೆಗೂ ಪೂರ್ವದ ಬಂದರುಗಳ ಕಡೆಗೂ ಲಾರಿಗಳು ಸಾಲುಗಟ್ಟಿದ ವರ್ಷಗಳಲ್ಲಿ ಅವನ ಅಂಗಡಿಗೂ ರಾತ್ರಿಯೆಂಬುದು ಇರಲಿಲ್ಲ. 2011ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ಊರಿನ ರಸ್ತೆಗಳು ಒಮ್ಮೆಲೇ ಮೌನವಾದುದು ನಮಗೆಲ್ಲ ನೆನಪಿದೆ. ಆ ಏಳೆಂಟು ವರ್ಷಗಳಲ್ಲಿ ಎಷ್ಟು ಅದಿರು ಹೋಯಿತೆಂದು ಲೋಕಾಯುಕ್ತರು ಲೆಕ್ಕ ತೆಗೆದರು. ಎಷ್ಟು ನಿದ್ರೆ ಹೋಯಿತೆಂದು ಲೆಕ್ಕವಿಟ್ಟವರು ಉಂಟೇ?

ವೈದ್ಯನಾಗಿರುವ ನಿಮ್ಮಲ್ಲೊಬ್ಬನನ್ನು ಫೋನಿನಲ್ಲಿ ಕೇಳಿದೆ: "ಏನಪ್ಪಾ, ಎಂಬಿಬಿಎಸ್‌ನಲ್ಲಿ ನಿದ್ರೆಯ ಬಗ್ಗೆ ಎಷ್ಟು ಓದಿದೆ?" ಅವನು ಸ್ವಲ್ಪ ಯೋಚಿಸಿ, "ಶರೀರಶಾಸ್ತ್ರದಾಗೆ ಒಂದು ಕ್ಲಾಸು ಸಾರ್, ಅವತ್ತು ನಾನು ಮಲಗಿದ್ದೆ ಅನ್ಸುತ್ತೆ" ಎಂದ. ತಮಾಷೆಯಾದರೂ ನಿಜಕ್ಕೆ ದೂರವಿಲ್ಲ. 2011ರಲ್ಲಿ ಪ್ರಕಟವಾದ, ಭಾರತವೂ ಸೇರಿದ್ದ ಹನ್ನೆರಡು ದೇಶಗಳ ವೈದ್ಯಕೀಯ ಕಾಲೇಜುಗಳ ಸಮೀಕ್ಷೆಯ ಪ್ರಕಾರ, ಇಡೀ ಪದವಿಯ ಅವಧಿಯಲ್ಲಿ ನಿದ್ರೆಯ ಪಾಠಕ್ಕೆ ಸರಾಸರಿ ಎರಡೂವರೆ ಗಂಟೆ ಸಿಗುತ್ತಿತ್ತು. ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಕಾಲೇಜುಗಳಲ್ಲಿ ಅದೂ ಇರಲಿಲ್ಲ. ನಮ್ಮ ದೇಶದಲ್ಲಿ 2019ರಿಂದ ಜಾರಿಗೆ ಬಂದ ಹೊಸ ಪಠ್ಯಕ್ರಮದಲ್ಲಿ ನಿದ್ರೆಯ ಶರೀರಶಾಸ್ತ್ರವನ್ನು ಕಲಿಯಬೇಕಾದ ವಿಷಯವಾಗಿ ನಮೂದಿಸಿದ್ದಾರೆ. ತಜ್ಞರ ಸಂಘಗಳು ವೈದ್ಯರಿಗೂ, ರಾತ್ರಿ ಎಚ್ಚರ ಕೂರುವ ತಂತ್ರಜ್ಞರಿಗೂ ತರಬೇತಿ ನಡೆಸುತ್ತಿವೆ. ಆದರೆ ಆ ಮಗುವನ್ನು ವೈದ್ಯರಿಗಿಂತ ಮೊದಲು ನೋಡುವವರು ಯಾರು? ದಿನಕ್ಕೆ ಆರು ಗಂಟೆ ಎದುರಿಗೆ ನಿಲ್ಲುವ ಮೇಷ್ಟ್ರು. ನಾನು ಓದಿದ ಬಿ.ಎಡ್.ನಲ್ಲಿ ರೂಸೋ ಇದ್ದ, ಪೆಸ್ಟಲಾಟ್ಸಿ ಇದ್ದ, ಕಪ್ಪುಹಲಗೆಯ ಮೇಲೆ ಸೀಮೆಸುಣ್ಣ ಹಿಡಿಯುವ ಕ್ರಮವೂ ಇತ್ತು. ತೂಕಡಿಸುವ ಮಗುವಿನ ಬಾಯಿ ತೆರೆದಿದೆಯೇ ನೋಡು ಎಂಬ ಒಂದು ಸಾಲು ಇರಲಿಲ್ಲ.

1998ರಲ್ಲಿ ಡೇವಿಡ್ ಗೋಜಾಲ್ ಎಂಬ ಮಕ್ಕಳ ವೈದ್ಯರು ಅಮೆರಿಕದ ಒಂದನೆಯ ತರಗತಿಯ ಮಕ್ಕಳಲ್ಲಿ ಓದಿನಲ್ಲಿ ತೀರ ಹಿಂದುಳಿದ 297 ಮಂದಿಯನ್ನು ಆರಿಸಿಕೊಂಡು ರಾತ್ರಿಯ ಉಸಿರಾಟವನ್ನು ಪರೀಕ್ಷಿಸಿದರು. ನೂರಕ್ಕೆ ಸುಮಾರು 18 ಮಕ್ಕಳಿಗೆ ತೊಂದರೆಯಿತ್ತು. ಅವರಲ್ಲಿ ಟಾನ್ಸಿಲ್, ಅಡಿನಾಯ್ಡ್ ತೆಗೆಸಿಕೊಂಡವರ ಅಂಕಗಳು ಮುಂದಿನ ವರ್ಷ ಏರಿದವು; ತೆಗೆಸದವರ ಅಂಕಗಳು ಇದ್ದಲ್ಲಿಯೇ ಉಳಿದವು. ಇದನ್ನು ಓದಿದ ದಿನ ನಾನು ಹಳೆಯ ಪೆಟ್ಟಿಗೆಯಿಂದ 1986ರ ತರಗತಿಯ ಗ್ರೂಪ್ ಫೋಟೋ ತೆಗೆದು ನೋಡಿದೆ. ಹಿಂದಿನ ಸಾಲಿನ ಎಡಗಡೆಯವನು ಅವನು. ಫೋಟೋದಲ್ಲಿಯೂ ಬಾಯಿ ತೆರೆದಿದೆ. ಫೋಟೋ ತೆಗೆಯುವವನು "ಬಾಯಿ ಮುಚ್ಚೋ" ಎಂದು ಎರಡು ಸಲ ಕೂಗಿದ್ದು ನನಗೆ ನೆನಪಿದೆ. ನಾನೂ ಕೂಗಿದ್ದೆ.

ಶಿಕ್ಷಕ ವೃತ್ತಿಯಲ್ಲಿರುವ ನಿಮ್ಮಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿಯ ವಿಳಾಸ ನನ್ನ ಬಳಿ ಇದೆ. ಯಾವ ಮಗು ದಿನವೂ ಮಲಗುತ್ತದೆ, ರಾತ್ರಿ ಗೊರಕೆ ಹೊಡೆಯುತ್ತದೆಯೇ ಎಂದು ತಾಯಿಯನ್ನು ಒಮ್ಮೆ ಕೇಳಿ ನನಗೆ ಬರೆಯಿರಿ. ಎಲ್ಲವೂ ಗ್ರಂಥಿಯೇ ಆಗಿರಬೇಕಾಗಿಲ್ಲ. ಒಂದು ಮಗು ಮೊಬೈಲು ನೋಡಿಯೂ, ಇನ್ನೊಂದು ರಾತ್ರಿ ಗದ್ದೆಗೆ ಬ್ಯಾಟರಿ ಹಿಡಿಯಲು ಹೋಗಿಯೂ ಮಲಗುತ್ತಿರಬಹುದು. ಕೇಳಿದರೆ ತಾನೇ ತಿಳಿಯುವುದು.

ಅವನ ಮೊಮ್ಮಗನಿಗೆ ಶಸ್ತ್ರಚಿಕಿತ್ಸೆಯಾಗಿ ಒಂದೂವರೆ ತಿಂಗಳಾದ ಮೇಲೆ ಅವನೇ ಫೋನ್ ಮಾಡಿದ. ಅಡ್ಡಹೆಸರಿನ ವಿಷಯವನ್ನು ಅಂದು ನಾನೇ ಎತ್ತಿ, ತಪ್ಪಾಯಿತಪ್ಪಾ ಎಂದೆ. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಬಿಡ್ರಿ ಸಾರ್, ನಮ್ಮವ್ವನೂ ಹಂಗೇ ಕರೀತಿದ್ಲು" ಎಂದ. ಹುಡುಗ ಹೇಗಿದ್ದಾನೆಂದು ಕೇಳಿದೆ. ಸದ್ದೇ ಇಲ್ಲದೆ ಮಲಗುತ್ತಾನಂತೆ. ಅದೇ ಈಗ ಮಗಳಿಗೆ ತೊಂದರೆ. ಗೊರಕೆ ಕೇಳದೆ ಗಾಬರಿಯಾಗಿ ರಾತ್ರಿ ಮೂರು ಮೂರು ಸಲ ಎದ್ದು, ಮಗುವಿನ ಮೂಗಿನ ಬಳಿ ಬೆರಳು ಹಿಡಿದು ನೋಡಿ, ಮತ್ತೆ ಬಂದು ಮಲಗುತ್ತಾಳಂತೆ.